ಯಾರ ಎಡ, ಯಾರ ಬಲ: ಕಂಪವಾತದ ಸ್ಪೆಕ್ಟ್ ಚಿತ್ರಗಳೊಡನೆ ಮೂರು ವಾರ

ಕಂಪವಾತ (ಪಾರ್ಕಿನ್ಸನ್ಸ್) ರೋಗಿಗಳ ಮಿದುಳಿನ ಸ್ಪೆಕ್ಟ್ ಚಿತ್ರಗಳನ್ನು, ಅಂದರೆ ದೇಹಕ್ಕೆ ಕೊಟ್ಟ ವಿಕಿರಣ ವಸ್ತು ಎಲ್ಲಿ ಸೇರಿದೆಯೆಂದು ತೋರಿಸುವ ಸ್ಕ್ಯಾನ್‌ಗಳನ್ನು, ಹವ್ಯಾಸವಾಗಿ ಕಂಪ್ಯೂಟರಿನಲ್ಲಿ ಅಳೆಯುತ್ತಿದ್ದೇನೆ. ಅದರಲ್ಲಿ ಮೂರು ವಾರಗಳಿಂದ ತಲೆ ತಿನ್ನುತ್ತಿದ್ದ ತೊಡಕು ನಿನ್ನೆ ರಾತ್ರಿ ಬಿಡಿಸಿಕೊಂಡಿತು. ಚಿತ್ರಗಳನ್ನು ಆಸ್ಪತ್ರೆಯ ಯಂತ್ರಗಳ ಡೈಕಾಮ್ ಕಡತರೂಪದಿಂದ ಸಂಶೋಧನೆಯ ನಿಫ್ಟಿ ಕಡತರೂಪಕ್ಕೆ ಬದಲಾಯಿಸುವುದು, ಎಂಎನ್‌ಐ ಎಂಬ ಸರಾಸರಿ ಮಾದರಿ ಮಿದುಳಿನ ಆಕಾರಕ್ಕೆ ಹೊಂದಿಸುವುದು ಮೊದಲಾದ ಹಂತಗಳು ಈ ಹವ್ಯಾಸವುಳ್ಳವರಿಗೆಲ್ಲ ಗೊತ್ತಿರುವುದರಿಂದ, ಅವನ್ನು ಬಿಟ್ಟು ನೇರವಾಗಿ ತೊಡಕಿಗೇ ಬರುತ್ತೇನೆ.

ನನ್ನ ಬಳಿ ಇರುವುದು ಸಂಶೋಧನೆಗೆಂದು ಅನುಮತಿಯ ಮೇಲೆ ದೊರೆತ, ಹೆಸರು-ಗುರುತು ತೆಗೆದ 24 ಮಂದಿ ಕಂಪವಾತ ರೋಗಿಗಳ ಡಾಟ್‌ಸ್ಕ್ಯಾನ್ ಎಂಬ ಬಗೆಯ ಸ್ಪೆಕ್ಟ್ ಚಿತ್ರಗಳು. ವಿಕಿರಣ ಸೂಸುವ ಅಯೋಡಿನ್-123 ಕೂಡಿಸಿದ ಅಯೋಫ್ಲುಪೇನ್ ಎಂಬ ವಸ್ತು, ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗದ ನರತುದಿಗಳಲ್ಲಿ, ಡೋಪಮೈನ್ ಎಂಬ ನರಸಂದೇಶವಾಹಕವನ್ನು ಸಾಗಿಸುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆ ತುದಿಗಳ ಮೂಲ ಕೋಶಗಳು ಇರುವುದು ಕೆಳಗೆ, ನಡುಮಿದುಳಿನ ಸಬ್‌ಸ್ಟಾನ್ಶಿಯಾ ನೈಗ್ರಾದಲ್ಲಿ. ಅಲ್ಲಿ ಕೋಶಗಳು ಸಾಯುತ್ತ ಬಂದಂತೆ ಇಲ್ಲಿ ಹೊಳಪು ಮಂಕಾಗುತ್ತದೆ. ಆರೋಗ್ಯವಂತರ ಚಿತ್ರದಲ್ಲಿ ಎರಡು ಅಲ್ಪವಿರಾಮಗಳು ಎದುರುಬದುರು ನಿಂತಂತೆ ಕಾಣುತ್ತವೆ. ಕಂಪವಾತದಲ್ಲಿ ಅವುಗಳ ಬಾಲವಾದ ಪುಟಾಮೆನ್ ಹಿಂಭಾಗದಿಂದ ಅಳಿಸುತ್ತ ಬಂದು, ತಲೆಯಾದ ಕಾಡೇಟ್ ಮಾತ್ರ ಉಳಿದು ಪೂರ್ಣವಿರಾಮದಂತಾಗುತ್ತದೆ. ಈ ಅಳಿಸುವಿಕೆ ಎರಡೂ ಬದಿಗೆ ಸಮನಾಗಿ ನಡೆಯುವುದಿಲ್ಲ. ಮಿದುಳಿನ ಒಂದು ಬದಿ ದೇಹದ ಎದುರು ಬದಿಯನ್ನು ನಡೆಸುವುದರಿಂದ, ಬಲಗೈಯಲ್ಲಿ ನಡುಕ ಮೊದಲು ಕಂಡವರಲ್ಲಿ ಸಾಮಾನ್ಯವಾಗಿ ಎಡ ಪುಟಾಮೆನ್ ಹೆಚ್ಚು ಸೊರಗಿರುತ್ತದೆ. ಇಡೀ ದೇಹದ ಕಾಯಿಲೆಯೊಂದು ಒಂದು ಬದಿಯನ್ನೇ ಮೊದಲು ಹಿಡಿಯುವುದೇಕೆ ಎಂಬ ಪ್ರಶ್ನೆಯೇ ನನ್ನನ್ನು ಈ ಕೆಲಸಕ್ಕೆ ಎಳೆದದ್ದು. ಹಾಗಾಗಿ ನನಗೆ ಎಡ-ಬಲಗಳ ಅಂತರವೇ ಮುಖ್ಯ ಅಳತೆ.

ಆ ಅಳತೆಯೇ ಕೈಕೊಟ್ಟಿತು. 24ರಲ್ಲಿ 13 ಮಂದಿಯ ಫಲಿತಾಂಶ ನಿರೀಕ್ಷೆಯಂತೆ ಬಂದರೆ, 11 ಮಂದಿಯಲ್ಲಿ ನಡುಗುವ ಕೈಯ ಬದಿಯ ಪುಟಾಮೆನ್ನೇ ಸೊರಗಿದಂತೆ ಕಂಡಿತು. ಅಂಥ ರೋಗಿಗಳು ಇಲ್ಲವೆಂದಲ್ಲ, ಆದರೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹಾಗಿರಲು ಸಾಧ್ಯವಿಲ್ಲ. ಸ್ಪೆಕ್ಟ್ ಚಿತ್ರದ ಮಸುಕನ್ನು ದೂರಿ, ಪುಟಾಮೆನ್‌ನ ಗಡಿಯನ್ನು ಮೂರು ಸಲ ಮತ್ತೆ ಗುರುತಿಸಿದೆ. ಹೋಲಿಕೆಗೆ ಹಿನ್ನೆಲೆಯಾಗಿ ಬಳಸುವ, ಮಿದುಳಿನ ಹಿಂಬದಿಯ ಆಕ್ಸಿಪಿಟಲ್ ಭಾಗವನ್ನು ಕಿರಿದುಗೊಳಿಸಿ ನೋಡಿದೆ. ಎರಡೂ ಬದಿಗಳ ಸರಾಸರಿ ಪ್ರತಿ ಸಲವೂ ಸರಿಯಾಗಿಯೇ ಬರುತ್ತಿದ್ದುದರಿಂದ ತಪ್ಪು ಎಲ್ಲಿದೆಯೆಂಬ ಸುಳಿವೇ ಸಿಗಲಿಲ್ಲ.

ಭಾನುವಾರ ಬಸವನಗುಡಿಯ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅವರಿಗೆ ಬಲಗೈ ನಡುಕ. ಕೈ ತೊಡೆಯ ಮೇಲಿದ್ದಾಗ ಹೆಬ್ಬೆರಳೂ ತೋರುಬೆರಳೂ ಬತ್ತಿ ಹೊಸೆಯುವಂತೆ ಆಡುತ್ತಿರುತ್ತವೆ. ಕಾಫಿ ಲೋಟಕ್ಕೆ ಕೈ ಚಾಚಿದೊಡನೆ ನಡುಕ ನಿಲ್ಲುತ್ತದೆ. ಲೋಟ ಹಿಡಿದು ಕೆಲವು ಕ್ಷಣ ಕಳೆದ ಮೇಲೆ ಮತ್ತೆ ಮೆಲ್ಲಗೆ ಶುರುವಾಗುತ್ತದೆ. ಅವರ ಟ್ರೊಡಾಟ್ ಸ್ಕ್ಯಾನಿನ (ಡಾಟ್‌ಸ್ಕ್ಯಾನಿನಂಥದ್ದೇ ಇನ್ನೊಂದು ಪರೀಕ್ಷೆ) ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಡಗಡೆಯ ಬಾಲ ಹೇಗೆ ಅಳಿಸಿಹೋಗಿದೆ ಎಂದು ವಿವರಿಸತೊಡಗಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಎಡಗಡೆ ಅಂತೀಯ, ಬೆರಳು ಬಲಗಡೆ ಇಟ್ಟಿದೀಯ. ಯಾರ ಎಡ ಕಣೋ? ನಿಂದೋ, ನಂದೋ?" ಎಂದು ಕೇಳಿದರು. ಫಿಲ್ಮಿನ ಎಡ ಅಂಚಿನಲ್ಲಿ ಬಲವನ್ನು ಸೂಚಿಸುವ 'ಆರ್' ಅಕ್ಷರವಿತ್ತು. ವೈದ್ಯರು ರೋಗಿಯನ್ನು ಎದುರಿನಿಂದ ಕಂಡಂತೆ ಮುದ್ರಿಸುವುದು ರೂಢಿ. ಉತ್ತರ ಹೇಳುತ್ತಿರುವಾಗಲೇ, ನನ್ನ ಪ್ರೋಗ್ರಾಮಿಗೆ ಈ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿಲ್ಲವೆಂಬುದು ಹೊಳೆಯಿತು.

ಮನೆಗೆ ಬಂದವನೇ ಎಲ್ಲ ಕಡತಗಳ ಹೆಡರ್, ಅಂದರೆ ಚಿತ್ರದ ವಿವರಗಳಿರುವ ಭಾಗ, ತೆಗೆದು ನೋಡಿದೆ. ಫಲಿತಾಂಶ ತಲೆಕೆಳಗಾದ 11ರಲ್ಲಿ 9 ಕಡತಗಳ ಅಫೈನ್ ಮ್ಯಾಟ್ರಿಕ್ಸಿನ (ಚಿತ್ರದ ಯಾವ ಬಿಂದು ಮಿದುಳಿನ ಯಾವ ಜಾಗಕ್ಕೆ ಸೇರುತ್ತದೆಂದು ಹೇಳುವ ಸಂಖ್ಯೆಗಳ ಕೋಷ್ಟಕದ) ಮೊದಲ ಸಂಖ್ಯೆ −2, ಉಳಿದೆಲ್ಲವುಗಳಲ್ಲಿ +2. ಡೈಕಾಮ್‌ನಲ್ಲಿ ಮೊದಲ ಅಕ್ಷ ರೋಗಿಯ ಎಡಕ್ಕೆ ಹೆಚ್ಚುತ್ತ ಹೋದರೆ, ನಿಫ್ಟಿಯಲ್ಲಿ ಬಲಕ್ಕೆ ಹೆಚ್ಚುತ್ತದೆ. ವಾಕ್ಸೆಲ್‌ಗಳನ್ನು, ಅಂದರೆ ಚಿತ್ರವನ್ನು ಕಟ್ಟುವ ಪುಟ್ಟ ಘನಗಳನ್ನು, ಯಾವ ದಿಕ್ಕಿನಿಂದ ಜೋಡಿಸಿದೆ ಎಂಬುದನ್ನು ಆ ಚಿಹ್ನೆ ಹೇಳುತ್ತದೆ. ನನ್ನ ಪ್ರೋಗ್ರಾಮ್ ಚಿಹ್ನೆಯನ್ನು ಓದದೆ ಅಂಕಿಗಳನ್ನಷ್ಟೇ ಎತ್ತಿಕೊಂಡು, +2 ಇರುವ ಮುಖವಾಡವನ್ನು (ಪುಟಾಮೆನ್‌ನ ಗಡಿ ಗುರುತಿಸಿದ ಅಚ್ಚನ್ನು) ಅವುಗಳ ಮೇಲೆ ಹೊದಿಸುತ್ತಿತ್ತು. ಎರಡರ ಅಳತೆಯೂ 91×109×91 ವಾಕ್ಸೆಲ್ ಆಗಿದ್ದರಿಂದ ದೋಷದ ಸಂದೇಶವೂ ಬರಲಿಲ್ಲ. ಮಿದುಳಿನ ಎರಡು ಅರ್ಧಗಳು ಎಷ್ಟು ಹೋಲುತ್ತವೆಯೆಂದರೆ, ಕನ್ನಡಿಯ ಬಿಂಬವನ್ನು ಹೊದಿಸಿದರೂ ಕಣ್ಣಿಗೆ ಸರಿಯಾಗಿಯೇ ಕೂರುತ್ತದೆ.

ಎರಡು ಬಗೆಯ ಕಡತಗಳು ಬೆರೆತದ್ದಕ್ಕೆ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಕೊಂಡ ಹಾರ್ಡ್ ಡಿಸ್ಕ್ ಕಾರಣ. ಅದು ಎರಡೇ ತಿಂಗಳಿಗೆ ಸತ್ತಿತು. ಬ್ಯಾಕಪ್‌ನಲ್ಲಿ ಉಳಿದಿದ್ದ 9 ಚಿತ್ರಗಳು ಹಳೆಯ ಮಾದರಿ ಮಿದುಳಿಗೆ ಹೊಂದಿಸಿದ್ದವು. ಉಳಿದವನ್ನು ಬೇರೆಡೆಯಿಂದ ಇಳಿಸಿಕೊಂಡ, ಎದುರು ದಿಕ್ಕಿನಲ್ಲಿ ಜೋಡಿಸಿದ್ದ ಮಾದರಿಗೆ ಹೊಂದಿಸಿದ್ದೆ.

ಎಂಆರ್‌ಐ ಪ್ರಯೋಗಗಳಲ್ಲಿ ಬಲಗಡೆಯನ್ನು ಗುರುತಿಸಲು ಹಣೆಯ ಬದಿಗೆ ವಿಟಮಿನ್ ಇ ಮಾತ್ರೆ ಅಂಟಿಸುವುದುಂಟು. ಅದರೊಳಗಿನ ಎಣ್ಣೆ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಅದೇ ಉಪಾಯವನ್ನು ಅನುಸರಿಸಿ, ಪ್ರತಿ ಕಡತದ ಒಂದು ನಕಲಿನಲ್ಲಿ ನಡುಗೆರೆಯಿಂದ 30 ಮಿ.ಮೀ. ಬಲಕ್ಕೆ ಕೃತಕ ಹೊಳೆಯುವ ಚುಕ್ಕೆಯೊಂದನ್ನು ಇಟ್ಟು, ಎಲ್ಲ ಹಂತಗಳನ್ನೂ ಹಾಯಿಸಿದೆ. ಆ 9 ಕಡತಗಳಲ್ಲಿ ಮಾತ್ರ ಚುಕ್ಕೆ ಎಡ ಪುಟಾಮೆನ್‌ನ ಲೆಕ್ಕಕ್ಕೆ ಸೇರಿತು. ಓದುವಾಗಲೇ ಎಲ್ಲವನ್ನೂ ಒಂದೇ ದಿಕ್ಕಿಗೆ ತಿರುಗಿಸಿಕೊಳ್ಳುವ ಒಂದು ಸಾಲು ಸೇರಿಸಿದ ಮೇಲೆ ಚುಕ್ಕೆ 24ರಲ್ಲೂ ಬಲಕ್ಕೇ ಬಂತು. ನಿರೀಕ್ಷೆಗೆ ಸರಿಹೊಂದುವ ಚಿತ್ರಗಳು 13ರಿಂದ 22ಕ್ಕೆ ಏರಿದವು.

ಈ ನಡುವೆ ಮುಂದಿನ ಕೆಲಸವೂ ಮೊಳೆತಿದೆ. ಕಂಪವಾತದ ವಿಶ್ರಾಂತಿಯ ನಡುಕ ಸೆಕೆಂಡಿಗೆ ಸುಮಾರು 4ರಿಂದ 6 ಸಲ ಇರುತ್ತದೆ. ಸೆಕೆಂಡಿಗೆ 100 ಸಲ ಓದುವ ಅಗ್ಗದ ಆಕ್ಸೆಲೆರೋಮೀಟರ್ (ಚಲನೆ ಅಳೆಯುವ ಸಾಧನ) ಅದಕ್ಕೆ ಧಾರಾಳವಾಗಿ ಸಾಕು. ಲೋಟ ಹಿಡಿದ ಮೇಲೆ ನಡುಕ ಮರಳಲು ಎಷ್ಟು ಹೊತ್ತು ಬೇಕೆಂಬುದನ್ನು ಅಳೆಯಬೇಕೆಂದಿದ್ದೇನೆ. ದೊಡ್ಡಪ್ಪ ಒಪ್ಪಿದ್ದಾರೆ.

ಆದರೆ ಮೊದಲು ಉಳಿದ ಆ ಎರಡು ಚಿತ್ರಗಳನ್ನು ನೋಡಬೇಕು. ಅವುಗಳ ಹೆಡರ್ ಸರಿಯಿದೆ, ಚುಕ್ಕೆಯೂ ಸರಿಯಾದ ಜಾಗದಲ್ಲೇ ಬಂದಿದೆ, ಆದರೂ ನಡುಗುವ ಕೈಯ ಬದಿಯ ಪುಟಾಮೆನ್ನೇ ಮಂಕಾಗಿದೆ. ಒಂದರಲ್ಲಿ ತಲೆ ತುಸು ವಾಲಿದಂತಿದೆ. ಇನ್ನೊಂದರಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಅವನ್ನು ತಿದ್ದದೆ, ಕೈಬಿಡದೆ, ಹಾಗೆಯೇ ಲೆಕ್ಕದಲ್ಲಿ ಇಟ್ಟುಕೊಂಡಿದ್ದೇನೆ.