ಆಸ್ಟಿನ್ ನಗರದ ಪ್ರಾಣಿ ಆಶ್ರಯದಲ್ಲಿ ನನ್ನ ಶನಿವಾರಗಳು

ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿ ನೆಲೆಸಿರುವ ನಾನು ಪ್ರತಿ ಶನಿವಾರ ಬೆಳಿಗ್ಗೆ ಇಲ್ಲಿನ ನಗರಸಭೆಯ ಪ್ರಾಣಿ ಆಶ್ರಯಕ್ಕೆ ಹೋಗಿ ನಾಯಿಗಳನ್ನು ಅಡ್ಡಾಡಿಸುತ್ತೇನೆ. ಈ ಕೆಲಸಕ್ಕೆ ಅಷ್ಟೊಂದು ಸ್ವಯಂಸೇವಕರು ಏಕೆ ಬೇಕೆಂದು ಊರಿನ ಬಂಧುಗಳು ಕೇಳುತ್ತಾರೆ. ಆಶ್ರಯಕ್ಕೆ ಬಂದ ಪ್ರಾಣಿಗಳಲ್ಲಿ ಶೇಕಡ 90ರಷ್ಟಾದರೂ ದಯಾಮರಣಕ್ಕೆ ಒಳಗಾಗದೆ ಜೀವಂತವಾಗಿ ಹೊರಹೋಗಬೇಕೆಂಬ ಯೋಜನೆಯನ್ನು ಇಲ್ಲಿನ ನಗರಸಭೆ 2010ರಲ್ಲಿ ಒಪ್ಪಿಕೊಂಡಿತು. 2019ರಲ್ಲಿ ಆ ಗುರಿಯನ್ನು ಶೇಕಡ 95ಕ್ಕೆ ಏರಿಸಿತು. ಮರಿಗಳಿಗೂ ಚಿಕ್ಕ ನಾಯಿಗಳಿಗೂ ಬೇಗ ಮನೆ ಸಿಗುತ್ತದೆ. ದೊಡ್ಡ ಮೈಕಟ್ಟಿನ, ಅದರಲ್ಲೂ ಪಿಟ್‌ಬುಲ್ ಬೆರಕೆಯ ನಾಯಿಗಳನ್ನು ಅನೇಕ ಬಾಡಿಗೆ ಮನೆಗಳಲ್ಲಿ ಇಟ್ಟುಕೊಳ್ಳಲು ಬಿಡುವುದಿಲ್ಲವಾದ್ದರಿಂದ ಅವು ತಿಂಗಳುಗಟ್ಟಲೆ ಇಲ್ಲಿಯೇ ಉಳಿಯುತ್ತವೆ. ಸಿಮೆಂಟಿನ ನೆಲ, ತಂತಿಯ ಬಾಗಿಲು, ಹಗಲೆಲ್ಲ ನಿಲ್ಲದ ಬೊಗಳಾಟ ಇವುಗಳ ನಡುವೆ ಸೌಮ್ಯವಾದ ನಾಯಿಯೂ ಕೆಲವೇ ವಾರಗಳಲ್ಲಿ ಇದ್ದಲ್ಲೇ ಸುತ್ತತೊಡಗುತ್ತದೆ, ತಂತಿಯ ಮೇಲೆ ಎಗರತೊಡಗುತ್ತದೆ. ಸಾಕಲು ನಾಯಿ ನೋಡಬಂದವರು ಆ ಎಗರಾಟವನ್ನು ಕಂಡು ಮುಂದಿನ ಕೋಣೆಗೆ ಹೋಗಿಬಿಡುತ್ತಾರೆ. ಜೀವ ಉಳಿಸುವ ನಿರ್ಧಾರ ನಗರದ್ದು. ಉಳಿದ ಜೀವ ಕಂಗೆಡದಂತೆ ನೋಡಿಕೊಳ್ಳುವ ಹೊಣೆಯಲ್ಲಿ ನಮ್ಮದೂ ಪಾಲಿದೆ ಎಂದು ನಾನು ನಂಬಿದ್ದೇನೆ.

ಕೆಲಸಕ್ಕೆ ಮೊದಲು ತರಬೇತಿಯಿರುತ್ತದೆ. ಬೆರಳು ಮುಚ್ಚುವ ಬೂಟು ಹಾಕಿಕೊಳ್ಳಬೇಕು. ಬಾಗಿಲನ್ನು ಒಂದು ಕಾಲು ತೂರುವಷ್ಟೇ ತೆರೆದು, ಕುಣಿಕೆಯ ಹಗ್ಗವನ್ನು ಕೊರಳಿಗೆ ಹಾಕಬೇಕು. ಎರಡು ನಾಯಿಗಳನ್ನು ಎದುರುಬದುರು ತರಬಾರದು. ಆದ್ದರಿಂದ ಓಣಿಯ ತಿರುವಿನಲ್ಲಿ ಪ್ರತಿಯೊಬ್ಬರೂ ‘ಡಾಗ್!’ ಎಂದು ಕೂಗಿ ತಾವು ಬರುತ್ತಿರುವುದನ್ನು ತಿಳಿಸುತ್ತಾರೆ. ಲಸಿಕೆ ಪೂರ್ಣವಾಗದ ಮರಿಗಳನ್ನು ಹೊರಗಿನ ನೆಲಕ್ಕೆ ಇಳಿಸುವುದಿಲ್ಲ, ಏಕೆಂದರೆ ಮರಿಗಳ ಜೀವ ತೆಗೆಯಬಲ್ಲ ಪಾರ್ವೊ ವೈರಸ್ ಮಣ್ಣಿನಲ್ಲಿ ಬಹಳ ಕಾಲ ಬದುಕಿರುತ್ತದೆ. ಆಗಸ್ಟ್ ತಿಂಗಳಲ್ಲಿ ಡಾಂಬರು ಕಾದು ಪಾದ ಸುಡುವುದರಿಂದ ಬಿಸಿಲೇರುವ ಮೊದಲೇ ಸುತ್ತಾಟ ಮುಗಿಯಬೇಕು. ನಾನು ಆರಂಭದಲ್ಲಿ ಹೆಚ್ಚು ದೂರ ನಡೆಸುವುದನ್ನೇ ಸೇವೆಯೆಂದು ತಿಳಿದಿದ್ದೆ. ನಾಯಿಗೆ ಬೇಕಾದದ್ದು ದೂರವಲ್ಲ, ವಾಸನೆ ಎಂಬುದು ಕ್ರಮೇಣ ಅರಿವಾಯಿತು. ಒಂದು ಪೊದೆಯ ಬುಡವನ್ನು ಹತ್ತು ನಿಮಿಷ ಮೂಸಲು ಬಿಟ್ಟರೆ, ಒಂದು ಮೈಲಿ ನಡೆದು ಬಂದ ನಾಯಿಗಿಂತ ಅದು ಶಾಂತವಾಗಿ ಮರಳುತ್ತದೆ.

ಅಡ್ಡಾಡಿಸುವುದಕ್ಕಿಂತ ಕಷ್ಟವಾದದ್ದು ಹೆದರಿದ ನಾಯಿಯನ್ನು ಮನುಷ್ಯರಿಗೆ ಒಗ್ಗಿಸುವ ಕೆಲಸ. ನನ್ನ ಪಾಲಿಗೆ ಬಂದದ್ದು ಹುಲಿಪಟ್ಟೆ ಬಣ್ಣದ ಒಂದು ಹೆಣ್ಣುನಾಯಿ. ಮೊದಲ ದಿನ ನಾನು ನೆಲಕ್ಕೆ ಬಿದ್ದಿದ್ದ ಹಗ್ಗವನ್ನು ಎತ್ತಿಕೊಳ್ಳಲು ಬಗ್ಗಿದೆ. ಅಷ್ಟಕ್ಕೇ ಅದು ಹಿಂಬದಿಯ ಗೋಡೆಗೆ ಒರಗಿ ನಡುಗತೊಡಗಿತು. ಆ ನೋಟ ನನಗೆ ಹೊಸದಾಗಿರಲಿಲ್ಲ. ನಮ್ಮ ಮಲೆನಾಡಿನ ಹಳ್ಳಿಯಲ್ಲಿ ಯಾರಾದರೂ ಬಗ್ಗಿದರೆ ಬೀದಿನಾಯಿಗಳು ಓಡುತ್ತಿದ್ದವು, ಬಗ್ಗುವುದೆಂದರೆ ಕಲ್ಲು ಎತ್ತಿಕೊಳ್ಳುವುದೆಂದು ಅವು ಕಲಿತಿದ್ದವು. ನಾಯಿ ಕಚ್ಚಿದರೆ ಹೊಕ್ಕುಳಿನ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂಬ ಭಯದಲ್ಲಿ ಬೆಳೆದ ನಾನೂ ಬಾಲ್ಯದಲ್ಲಿ ಹಾಗೆ ಬಗ್ಗಿದವನೇ. ಅದನ್ನು ನೆನೆದಾಗ ಇಂದಿಗೂ ನೋವಾಗುತ್ತದೆ.

ಅಂದಿನಿಂದ ನಾನು ಆ ಕೋಣೆಯ ಹೊರಗೆ, ನಾಯಿಗೆ ಮಗ್ಗುಲಾಗಿ, ಅದರ ಕಣ್ಣನ್ನು ದಿಟ್ಟಿಸದೆ ನೆಲದ ಮೇಲೆ ಕುಳಿತುಕೊಳ್ಳುತ್ತೇನೆ. ಬೇಯಿಸಿದ ಕೋಳಿಯ ಚೂರುಗಳನ್ನು ತಂತಿಯ ಸಂದಿಯಿಂದ ಒಳಗೆ ಹಾಕುತ್ತ, ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಮಾತನಾಡುತ್ತೇನೆ: ಊರಿನ ಮಳೆಯ ಸುದ್ದಿ, ಅಮ್ಮ ಫೋನಿನಲ್ಲಿ ಹೇಳಿದ್ದು, ಮನೆಯಲ್ಲಿ ಮಾಡಿಟ್ಟು ಬಂದ ಸಾರು. ಅದಕ್ಕೆ ಪದಗಳ ಹಂಗಿಲ್ಲ, ದನಿ ಒಂದೇ ಹದದಲ್ಲಿದ್ದರೆ ಸಾಕು. ಅದು ಪದೇ ಪದೇ ಆಕಳಿಸಿದರೆ, ತುಟಿ ಸವರಿಕೊಂಡರೆ, ಅದನ್ನು ನಿದ್ದೆಯೆಂದೋ ಹಸಿವೆಂದೋ ತಿಳಿಯದೆ ಕಳವಳವೆಂದು ಅರಿತು ನಾನು ಒಂದು ಮೊಳ ಹಿಂದೆ ಸರಿಯುತ್ತೇನೆ.

ನಾಲ್ಕನೆಯ ವಾರ ಅದು ನಾನಿರುವಾಗಲೇ ಕೋಳಿಯ ಚೂರು ತಿಂದಿತು. ಆರನೆಯ ವಾರ ನನ್ನ ಕಡೆಗೆ ಬೆನ್ನು ಮಾಡಿ ಮಲಗಿ ನಿದ್ದೆ ಹೋಯಿತು. ಕಳೆದ ಶನಿವಾರ ಬಾಗಿಲವರೆಗೆ ಬಂದು, ನಾನು ನೆಲದ ಮೇಲಿಟ್ಟಿದ್ದ ಹಗ್ಗವನ್ನು ಬಹಳ ಹೊತ್ತು ಮೂಸಿ, ತನ್ನ ಮೂಲೆಗೆ ಮರಳಿತು. ನಾನು ಹಗ್ಗವನ್ನು ಎತ್ತಿಕೊಳ್ಳದೆ ಕುಳಿತೇ ಇದ್ದೆ.