ಹಸ್ಕ್‌ವರ್ನ 61: ಅಟ್ಟದಿಂದ ಹಲಸಿನ ಮರದವರೆಗೆ

ಹಳೆಯ ಚೈನ್ ಸಾ (ಮರ ಕೊಯ್ಯುವ ಮೆಷಿನ್) ರಿಪೇರಿಗೆ ಕೂತ ನಾಲ್ಕನೇ ಭಾನುವಾರ. ಇವತ್ತು ಎಕ್ಸಿಲೇಟರ್ ಬಿಟ್ಟ ಕೂಡಲೇ ಮೆಷಿನ್ ಸ್ವರ ಇಳಿಸಿತು. ಚೈನ್ ನಿಂತಿತು. ಇಂಜಿನ್ ಮಾತ್ರ ಒಂದೇ ಹದದಲ್ಲಿ ಗುಡುಗುಡು ಅನ್ನುತ್ತಾ ಇತ್ತು. ಇದಕ್ಕಾಗಿ ಒಂದು ತಿಂಗಳು ಕಾದಿದ್ದೆ.

ಈ ಹಸ್ಕ್‌ವರ್ನ 61 ಬದಿಯಡ್ಕದ ಹತ್ತಿರ ಸೋದರಮಾವನ ಮನೆಯ ಅಟ್ಟದಲ್ಲಿತ್ತು, ಅಡಿಕೆ ಗೋಣಿಗಳ ಹಿಂದೆ. ಸ್ವೀಡನ್ ಕಂಪೆನಿಯ ಈ ಮಾಡೆಲ್ ಬರುವುದು ನಿಂತು ಬಹಳ ವರ್ಷವಾಯಿತು. "ಗುಜರಿಯವನಿಗೆ ಕೊಡುವ ಮೊದಲು ನೀನೊಮ್ಮೆ ನೋಡು ಮಾರಾಯ" ಅಂದರು ಮಾವ. ಹೊತ್ತುಕೊಂಡು ಬಂದೆ.

ಸಿಲಿಂಡರ್ ಬೋರ್ (ಒಳಗಿನ ಅಗಲ) 48 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 34 ಮಿ.ಮೀ., ಒಟ್ಟು 61.5 ಸಿಸಿ. ಇದೇ ಸ್ಟ್ರೋಕಿಗೆ 50ರ ಬೋರ್ ಕೊಟ್ಟದ್ದು 268 ಮಾಡೆಲ್, 52ರದ್ದು 272 ಮಾಡೆಲ್. ಮೂರೂ ಒಂದೇ ಮನೆಯ ಮಕ್ಕಳು. ಬಹಳಷ್ಟು ಪಾರ್ಟ್ಸ್ ಒಂದಕ್ಕೊಂದು ಆಗುತ್ತದೆ, ಹಾಗಾಗಿ ಇವತ್ತಿಗೂ ಸಾಮಾನು ಸಿಗುತ್ತದೆ. ತೂಕ ಬಾರ್ (ಚೈನ್ ಸುತ್ತ ಓಡುವ ಉದ್ದ ಪಟ್ಟಿ), ಚೈನ್ ಬಿಟ್ಟೇ ಆರು ಕಿಲೋಗಿಂತ ಜಾಸ್ತಿ. ಈ ತೂಕದ ಬಗ್ಗೆಯೇ ಎಲ್ಲರ ಮಾತು. "ಮರ ಹತ್ತಿ ಕೊಂಬೆ ಕಡಿಯಲಿಕ್ಕೆ ಇದು ಬೇಡ, ಕೈ ಸೋತು ಹೋಗುತ್ತದೆ. ನೆಲಕ್ಕೆ ಬಿದ್ದ ದಿಮ್ಮಿಗೆ ಇದರಷ್ಟು ನಂಬಿಕೆಯದ್ದು ಬೇರೆ ಇಲ್ಲ" ಅಂತಾರೆ ಮಾವ. ಬಂದಡ್ಕ ಕಡೆ ರಬ್ಬರ್ ಮರ ಕೊಯ್ಯುವ ಒಬ್ಬರು ಹೊಸ ಹಗುರ ಮೆಷಿನ್ನಿಗೆ ಬದಲಾಗಿದ್ದಾರೆ. ಅವರ ಸೊಂಟದ ನೋವು ನೋಡಿದರೆ ಅದೂ ಸರಿಯೇ. ನನಗೆ ವರ್ಷಕ್ಕೆ ನಾಲ್ಕೈದು ಮರ ಅಷ್ಟೇ. ತೂಕ ತೊಂದರೆಯಿಲ್ಲ.

ಮೊದಲ ವಾರ ಸೈಲೆನ್ಸರ್ ಬಿಚ್ಚಿ ಪಿಸ್ಟನ್ ನೋಡಿದೆ. ಒಂದೂ ಗೀರಿಲ್ಲ. ಅಷ್ಟು ಸಂತೋಷ ಬೇರೆ ಯಾವುದಕ್ಕೂ ಆಗಿರಲಿಲ್ಲ. ಕಾರ್ಬುರೇಟರಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹಪ್ಪಳದ ಹಾಗೆ ಗಟ್ಟಿಯಾಗಿತ್ತು, ಕಿಟ್ ತಂದು ಹಾಕಿದೆ. ಪೆಟ್ರೋಲ್ ಪೈಪ್, ಫಿಲ್ಟರ್, ಪ್ಲಗ್ ಹೊಸದು. ಚೈನ್ ಬ್ರೇಕಿನ ಹಿಡಿ ಯಾವಾಗಲೋ ಬಿದ್ದು ಮುರಿದಿತ್ತು. ಅದು ಬರುವ ತನಕ ಬಾರ್ ಹಾಕಲೇ ಇಲ್ಲ. ಬ್ರೇಕ್ ಇಲ್ಲದ ಮೆಷಿನ್ ಯಾರೂ ಹಿಡಿಯಬೇಡಿ.

ಎರಡನೇ ವಾರ ಸ್ಟಾರ್ಟ್ ಆಯಿತು. ಆದರೆ ರೇಸ್ ಬಿಟ್ಟರೂ ಸ್ವರ ಇಳಿಯದು, ತಾನಾಗಿಯೇ ಏರುತ್ತಾ ಹೋಗುತ್ತದೆ. ಪೇಟೆಯ ಒಬ್ಬ ಮೆಕ್ಯಾನಿಕ್ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ "ಈಗ ಸರಿ" ಅಂತ ಕೊಟ್ಟರು. ಮನೆಗೆ ಬಂದರೆ ಅದೇ ಕಥೆ. ಸ್ಕ್ರೂ ತಿರುಗಿಸಿ ಇದನ್ನು ಮುಚ್ಚಿಡಬಾರದು. ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ ಅಂತ ಅರ್ಥ. ಗಾಳಿ ಜಾಸ್ತಿಯಾದರೆ ಪೆಟ್ರೋಲ್ ಕಡಿಮೆ, ಅದರ ಜೊತೆ ಬರುವ ಆಯಿಲೂ ಕಡಿಮೆ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಕಚ್ಚಿಕೊಳ್ಳುವುದು ಹೀಗೆಯೇ.

ಗಾಳಿ ಎಲ್ಲಿಂದ ಅಂತ ಹುಡುಕಲು ಸೈಕಲ್ ಟ್ಯೂಬ್ ಕತ್ತರಿಸಿ ಕಾರ್ಬುರೇಟರ್, ಸೈಲೆನ್ಸರ್ ಎರಡೂ ಕಡೆ ಬಿಗಿಯಾಗಿ ಮುಚ್ಚಿದೆ. ಪಿಸ್ಟನ್ ಕೆಳಗಿಳಿಸಿ, ಪ್ಲಗ್ಗಿನ ತೂತಿನಿಂದ ಮೆಲ್ಲ ಗಾಳಿ ಹಾಕಿದೆ. ಏಳು ಪಿಎಸ್‌ಐ ಸಾಕು, ಜಾಸ್ತಿ ಹಾಕಬಾರದು. ಸೋಪಿನ ನೀರು ಹಚ್ಚುತ್ತಾ ಬಂದೆ. ಸಿಲಿಂಡರಿನ ಬುಡದಲ್ಲಿ ಏನಿಲ್ಲ. ಫ್ಲೈವೀಲ್ (ಇಂಜಿನ್ನಿನ ಬದಿಯ ಭಾರದ ಚಕ್ರ) ಹಿಂದೆ ಬ್ರಷ್ ತೂರಿಸಿದಾಗ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಆಯಿಲ್ ಸೀಲ್, ಅಂದರೆ ಇಂಜಿನ್ನಿನ ದಂಡ ಹೊರಬರುವಲ್ಲಿ ಗಾಳಿ ತಡೆಯುವ ರಬ್ಬರ್ ಬಳೆ! ಅಟ್ಟದ ಬಿಸಿಗೆ ವರ್ಷಗಟ್ಟಲೆ ಒಣಗಿ ಒಣಗಿ ತುಟಿ ಬಿರಿದಿತ್ತು.

ಫ್ಲೈವೀಲ್ ನಟ್ ಬಿಚ್ಚಲು ಇಂಜಿನ್ ತಿರುಗದಂತೆ ಪಿಸ್ಟನ್ ಹಿಡಿಯಬೇಕಲ್ವಾ? ಪ್ಲಗ್ಗಿನ ತೂತಿಗೆ ಹಳೆಯ ಸ್ಟಾರ್ಟರ್ ಹಗ್ಗ ತುರುಕಿದೆ. ಪಿಸ್ಟನ್ ಸೈಲೆನ್ಸರಿನ ತೂತು ದಾಟಿ ಮೇಲೆ ಬಂದ ಮೇಲೆಯೇ ಹಗ್ಗ ಹಾಕಬೇಕು, ಇಲ್ಲದಿದ್ದರೆ ಅಲ್ಲಿ ಸಿಕ್ಕಿ ತುಂಡಾಗುತ್ತದೆ. ಎರಡೂ ಬದಿಯ ಸೀಲ್ ಬದಲಿಸಿದೆ. ಮತ್ತೆ ಗಾಳಿ ಹಾಕಿದರೆ ಒಂದು ಗುಳ್ಳೆಯೂ ಇಲ್ಲ.

ಆಯಿಲ್ ಲೀಟರಿಗೆ 20 ಎಂ.ಎಲ್., ಅಂದರೆ 1:50, ಒಳ್ಳೆಯ ಟೂ ಸ್ಟ್ರೋಕ್ ಆಯಿಲ್. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥೆನಾಲ್ ಇರುತ್ತದೆ, ಅದು ನೀರು ಎಳೆಯುತ್ತದೆ. ನಮ್ಮ ಮಳೆಗಾಲಕ್ಕೆ ಕೇಳಬೇಕಾ? ಕೆಲಸ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಉರಿದು ತಾನಾಗಿಯೇ ಆಫ್ ಆಗುವ ತನಕ ಓಡಿಸುತ್ತೇನೆ.

ಇವತ್ತು ಗಾಳಿಗೆ ಬಿದ್ದ ಹಲಸಿನ ಮರಕ್ಕೆ ಇಟ್ಟೆ. ಬರೀ ರೇಸಿನಲ್ಲಿ ಸ್ವಲ್ಪ ಗರಗರ ಅನ್ನುತ್ತಿತ್ತು, ಮರಕ್ಕೆ ತಾಗಿದ ಕೂಡಲೇ ಸ್ವರ ಸ್ವಚ್ಛವಾಯಿತು. ಹೈ ಸ್ಕ್ರೂ (ಪೂರ್ತಿ ರೇಸಿಗೆ ಪೆಟ್ರೋಲ್ ಎಷ್ಟು ಅಂತ ಇಡುವ ಸ್ಕ್ರೂ) ಹಾಗೆಯೇ ಇರಬೇಕು. ಹಳದಿ ಹುಡಿ ಉದ್ದುದ್ದ ಚೂರಾಗಿ ಬಂತು. ಆದರೆ ಹಸಿ ತೊಗಟೆಯ ಮೇಣ ಹುಡಿಯ ಜೊತೆ ಸೇರಿ ಕವರಿನೊಳಗೆ ಅಂಟಾಗಿ ಕೂತಿತ್ತು. ತೆಂಗಿನೆಣ್ಣೆ ಹಚ್ಚಿ ಉಜ್ಜಿದ ಮೇಲೆ ಹೋಯಿತು.

ಆಮೇಲೆ ಒಂದು ಸತ್ತ ತೆಂಗಿನ ಮರ. ಹೊರಗಿನ ಎರಡಿಂಚು ಕಬ್ಬಿಣದ ಹಾಗೆ, ಚೈನಿನ ಹರಿತ ಅಲ್ಲೇ ಹೋಯಿತು. 5.5 ಮಿ.ಮೀ. ಅರದಲ್ಲಿ ಒಂದೊಂದು ಹಲ್ಲಿಗೆ ಮೂರು ಸಲ ಉಜ್ಜಿ ಸರಿ ಮಾಡಿದೆ.

ಬಾರಿನ ಒಂದು ಅಂಚು ಸವೆದಿದೆ, ಕೊಯ್ತ ಸ್ವಲ್ಪ ಓರೆ ಹೋಗುತ್ತದೆ. ಮುಂದಿನ ಭಾನುವಾರ ಅದನ್ನು ನೋಡಬೇಕು. ಮಾವನಿಗೆ ಫೋನ್ ಮಾಡಿ ಸ್ವರ ಕೇಳಿಸಿದೆ. "ಹಾಂ, ಅದೇ ಸ್ವರ" ಅಂದರು.