ವರದಿಯ ಎರಡನೆಯ ಸಾಲು

ದಾವಣಗೆರೆಯ ಒಂದು ಪ್ರಯೋಗಾಲಯದಲ್ಲಿ ಅಂಗಾಂಶದ ತುಣುಕುಗಳನ್ನು ಮೇಣದಲ್ಲಿ ಕೂರಿಸಿ, ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ ವೈದ್ಯರ ಸೂಕ್ಷ್ಮದರ್ಶಕಕ್ಕೆ ಒಪ್ಪಿಸುವುದು ನನ್ನ ಕೆಲಸ. ಪ್ರಾಸ್ಟೇಟ್ ಎಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ; ಅದರ ಬಯಾಪ್ಸಿ, ಅಂದರೆ ಪರೀಕ್ಷೆಗೆಂದು ತೆಗೆದ ಅಂಗಾಂಶ, ಸಾಮಾನ್ಯವಾಗಿ ಹನ್ನೆರಡು ತುಣುಕು, ಒಂದೊಂದೂ ಶಾವಿಗೆಯ ಎಳೆಯಂತೆ. ಅವುಗಳಿಂದ ಮಿಲಿಮೀಟರಿನ 250ನೇ ಒಂದು ಪಾಲಿನಷ್ಟು ತೆಳ್ಳನೆಯ ಪದರಗಳನ್ನು ಕೊಯ್ದು, ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಚ್ಚಿಕೊಂಡ ಮೇಲೆ ಗಾಜಿನ ಪಟ್ಟಿಯಿಂದ ಎತ್ತಿಕೊಳ್ಳಬೇಕು. ಬಣ್ಣ ಹಿಡಿದ ನಂತರ ನೋಡಿದರೆ ನಸುಗೆಂಪು ಹಾಸಿನ ನಡುವೆ ಗ್ರಂಥಿಗಳ ಸುರುಳಿಗಳು ಕಾಣುತ್ತವೆ. ಎಷ್ಟೋ ಸಲ ಅವುಗಳ ಸುತ್ತ ರಾಗಿ ಚೆಲ್ಲಿದಂತೆ ಗಾಢ ನೀಲಿ ಚುಕ್ಕೆಗಳು ಗುಂಪುಗೂಡಿರುತ್ತವೆ. ಅವು ರೋಗನಿರೋಧಕ ವ್ಯವಸ್ಥೆಯ ಬಿಳಿ ರಕ್ತಕಣಗಳು.

ಕಳೆದ ಮಳೆಗಾಲದಲ್ಲಿ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ವರದಿ ಒಯ್ಯಲು ಬಂದಿದ್ದರು. ಪಿಎಸ್‌ಎ (ರಕ್ತದಲ್ಲಿ ಅಳೆಯುವ ಪ್ರಾಸ್ಟೇಟಿನ ಒಂದು ಪ್ರೋಟೀನು) ಹೆಚ್ಚಿದೆಯೆಂದು ಬಯಾಪ್ಸಿ ಮಾಡಿಸಿಕೊಂಡವರು. ವರದಿಯ ಮೊದಲ ಸಾಲಿನಲ್ಲಿ ಕ್ಯಾನ್ಸರ್ ಕಂಡುಬಂದಿಲ್ಲವೆಂದೂ ಎರಡನೆಯ ಸಾಲಿನಲ್ಲಿ ದೀರ್ಘಕಾಲದ ಉರಿಯೂತವಿದೆಯೆಂದೂ ಇತ್ತು. "ಕ್ಯಾನ್ಸರ್ ಇಲ್ಲ ಅಂತ ಬರೆದಾರಲ್ಲಮ್ಮ, ಮತ್ತೆ ಈ ಉರಿಯೂತ ಅಂದ್ರೇನು?" ಎಂದು ಕೇಳಿದರು. ಆ ಸಾಲನ್ನು ಯಾರೂ ಅವರಿಗೆ ಓದಿ ಹೇಳಿರಲಿಲ್ಲ. ಇದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಸಂಗತಿ.

ಕಾಲಿಗೆ ಜಾಲಿಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು, ಮುಳ್ಳು ಹೋದ ಮೇಲೆ ವಾಸಿಯಾಗುತ್ತದೆ. ಅದು ದೇಹವನ್ನು ಕಾಯುವ ಉರಿಯೂತ. ಪ್ರಾಸ್ಟೇಟಿನಲ್ಲಿ ಮಾತ್ರ ಅದು ಎಷ್ಟೋ ಗಂಡಸರಲ್ಲಿ ನೋವನ್ನೂ ತೋರಿಸದೆ ವರ್ಷಗಟ್ಟಲೆ ಆರದೆ ಉಳಿಯುತ್ತದೆ. ಬಿಳಿ ಕಣಗಳು ಸೂಕ್ಷ್ಮಾಣುಗಳನ್ನು ಕೊಲ್ಲಲು ಉಗುಳುವ ಆಮ್ಲಜನಕದ ತೀಕ್ಷ್ಣ ರೂಪಗಳು ಪಕ್ಕದ ಜೀವಕೋಶಗಳ ಡಿಎನ್‌ಎಯನ್ನೂ ಗಾಯಗೊಳಿಸುತ್ತವೆ. ಸತ್ತ ಕೋಶಗಳ ಜಾಗ ತುಂಬಲು ಉಳಿದವು ಮತ್ತೆ ಮತ್ತೆ ವಿಭಜನೆಯಾಗಬೇಕಾಗುತ್ತದೆ, ಪ್ರತಿ ವಿಭಜನೆಯಲ್ಲೂ ತಪ್ಪು ನಕಲಾಗುವ ಸಾಧ್ಯತೆ ಇರುತ್ತದೆ. ಜೊತೆಗೆ ಇಂಟರ್‌ಲ್ಯೂಕಿನ್-6ರಂತಹ ಸಂದೇಶ ಪ್ರೋಟೀನುಗಳು ಜೀವಕೋಶದ ಹೊರಮೈಗೆ ಅಂಟಿಕೊಂಡು, ಒಳಗಿನ ಸ್ಟ್ಯಾಟ್-3 ಎಂಬ ಪ್ರೋಟೀನನ್ನು ಎಚ್ಚರಿಸಿ, "ಸಾಯಬೇಡ, ಬೆಳೆ" ಎಂಬ ಆದೇಶವನ್ನು ಮುಟ್ಟಿಸುತ್ತವೆ. ಗಾಯ ಮಾಯಿಸಲು ಬೇಕಾದ ಈ ಆದೇಶವೇ ಡಿಎನ್‌ಎ ಕೆಟ್ಟ ಕೋಶಕ್ಕೂ ತಲುಪಿದರೆ ಅಪಾಯ.

ಅರ್ಬುದದೊಳಗೆ, ಅಂದರೆ ಕ್ಯಾನ್ಸರ್ ಗಡ್ಡೆಯೊಳಗೆ, ಬಿಳಿ ಕಣಗಳಿರುವುದನ್ನು ಗಮನಿಸಿ, ದೀರ್ಘ ಉರಿಯೂತಕ್ಕೂ ಕ್ಯಾನ್ಸರಿಗೂ ನಂಟಿದೆಯೆಂದು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 1863ರಲ್ಲಿಯೇ ಹೇಳಿದ್ದರು. 1999ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಪ್ರಾಸ್ಟೇಟಿನ ಒಂದು ವಿಚಿತ್ರ ನೋಟವನ್ನು ವಿವರಿಸಿದರು: ಗ್ರಂಥಿ ಸೊರಗಿ ಕುಗ್ಗಿದೆ, ಸುತ್ತ ನೀಲಿ ಚುಕ್ಕೆಗಳಿವೆ, ಆದರೂ ಅದರ ಕೋಶಗಳು ಚುರುಕಾಗಿ ವಿಭಜನೆಯಾಗುತ್ತಿವೆ. ಇಂತಹ ಕಡೆಯಿಂದ ಕ್ಯಾನ್ಸರ್ ಮೊಳೆಯಬಹುದೆಂಬುದು ಅವರ ವಾದ.

ಆದರೆ ಆ ಹಿರಿಯರಿಗೆ ಇಷ್ಟೇ ಹೇಳಿ ಕಳಿಸಿದ್ದರೆ ಅದು ಅನ್ಯಾಯವಾಗುತ್ತಿತ್ತು. 2014ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಓದಬೇಕು. ಒಂದರಲ್ಲಿ, ಪಿಎಸ್‌ಎ ಹೆಚ್ಚಿಲ್ಲದವರಿಗೂ ಬಯಾಪ್ಸಿ ಮಾಡಲಾಗಿತ್ತು. ಅಲ್ಲಿ ಉರಿಯೂತವಿದ್ದವರಲ್ಲಿ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಇನ್ನೊಂದರಲ್ಲಿ, ಪಿಎಸ್‌ಎ ಹೆಚ್ಚಿದ್ದು ಮೊದಲ ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಾಣದವರನ್ನು ಹಿಂಬಾಲಿಸಿದಾಗ, ಉರಿಯೂತವಿದ್ದವರಲ್ಲಿಯೇ ಮುಂದೆ ಕ್ಯಾನ್ಸರ್ ಪತ್ತೆಯಾದದ್ದು ಕಡಿಮೆ. ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಉರಿಯೂತವೇ ಪಿಎಸ್‌ಎಯನ್ನು ಏರಿಸಬಲ್ಲದಾದ್ದರಿಂದ, ಎರಡನೆಯ ಗುಂಪಿನ ಅನೇಕರ ಪಿಎಸ್‌ಎ ಏರಲು ಅದೇ ಕಾರಣವಾಗಿದ್ದಿರಬೇಕು. ನಮ್ಮ ಬೆಳೆಗಾರರು ಇದ್ದದ್ದು ಈ ಗುಂಪಿನಂಥವರ ನಡುವೆ.

ಕ್ಯಾನ್ಸರ್ ಒಮ್ಮೆ ನೆಲೆಯೂರಿದ ಮೇಲಿನ ಕಥೆ ಬೇರೆ. ಕಸ ನುಂಗಿ ಕಾವಲು ಕಾಯಬೇಕಾದ ಮ್ಯಾಕ್ರೋಫೇಜ್ ಕಣಗಳು ಅರ್ಬುದದ ಸಂದೇಶಗಳಿಗೆ ಒಲಿದು ಅದಕ್ಕೇ ರಕ್ತನಾಳ ಕಟ್ಟಿಕೊಡುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಗಂಡು ಹಾರ್ಮೋನನ್ನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆಂದು ವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, ಆ ಚಿಕಿತ್ಸೆ ಇಂದಿಗೂ ಆಧಾರ. ಆದರೆ ಕೆಲವು ಬಿಳಿ ಕಣಗಳು ಸ್ರವಿಸುವ ಇಂಟರ್‌ಲ್ಯೂಕಿನ್-23, ಹಾರ್ಮೋನ್ ಇಲ್ಲದೆಯೂ ಬೆಳೆಯಲು ಕ್ಯಾನ್ಸರಿಗೆ ನೆರವಾಗುತ್ತದೆಂಬುದು 2018ರ ಒಂದು ಸಂಶೋಧನೆಯಲ್ಲಿ ಕಂಡುಬಂತು. ರೋಗಿಯದೇ ಬಿಳಿ ಕಣಗಳನ್ನು ತೆಗೆದು, ಪಳಗಿಸಿ, ಮರಳಿ ಕೊಡುವ ಸಿಪುಲ್ಯೂಸೆಲ್-ಟಿ ಚಿಕಿತ್ಸೆಗೆ 2010ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದರಿಂದ ದೊರೆತ ಹೆಚ್ಚಿನ ಆಯಸ್ಸು ಸುಮಾರು ನಾಲ್ಕು ತಿಂಗಳು. ಬೇರೆ ಕೆಲವು ಕ್ಯಾನ್ಸರುಗಳನ್ನು ಕರಗಿಸಿದ ಹೊಸ ಇಮ್ಯುನೋಥೆರಪಿ (ರೋಗನಿರೋಧಕ ವ್ಯವಸ್ಥೆಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ) ಔಷಧಗಳು ಪ್ರಾಸ್ಟೇಟಿನಲ್ಲಿ ಕೆಲವೇ ರೋಗಿಗಳಿಗೆ ಫಲ ನೀಡಿವೆ.

ಉರಿಯೂತವೆಂಬ ಪದ ಕೇಳಿ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ದಿನವೂ ನುಂಗುವವರನ್ನು ನೋಡಿದ್ದೇನೆ. ಅದರಿಂದ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಬಹುದೆಂದು ಸಾಬೀತಾಗಿಲ್ಲ, ಹೊಟ್ಟೆ ಮತ್ತು ಮೂತ್ರಪಿಂಡ ಕೆಡುವ ಅಪಾಯವಂತೂ ನಿಜ. ಹಾಗೆ ಮಾಡಬೇಡಿರೆಂದು ಆ ಬೆಳೆಗಾರರಿಗೆ ಮೊದಲೇ ಹೇಳಿದೆ. ಮೂತ್ರದ ಸೋಂಕು ಇದೆಯೇ, ಪಿಎಸ್‌ಎ ಮತ್ತೆ ಯಾವಾಗ ಮಾಡಿಸಬೇಕು ಎಂಬ ಎರಡು ಪ್ರಶ್ನೆಗಳನ್ನು ಬಯಾಪ್ಸಿ ಬರೆದ ವೈದ್ಯರಿಗೇ ಕೇಳಿರೆಂದು ವರದಿಯ ಲಕೋಟೆಯ ಹಿಂಬದಿಯಲ್ಲಿ ಬರೆದುಕೊಟ್ಟೆ. ಅವರು ನನ್ನ ಪೆನ್ನು ಕೇಳಿ ಪಡೆದು, ಎರಡನೆಯ ಸಾಲಿನ ಕೆಳಗೆ ತಾವೇ ಒಂದು ಗೆರೆ ಎಳೆದುಕೊಂಡು ಹೋದರು.